ಆರ್‌ಟಿಎಕ್ಸ್ 5060 ಟಿಐ: ಹೆಸರು ಒಂದೇ, ಕಾರ್ಡ್ ಎರಡು, 8 ಜಿಬಿ ಸಾಕೇ, 16 ಜಿಬಿ ಬೇಕೇ?

ಮುಂಬೈನ ಲ್ಯಾಮಿಂಗ್ಟನ್ ರಸ್ತೆ, ದೆಹಲಿಯ ನೆಹರೂ ಪ್ಲೇಸ್, ಚೆನ್ನೈನ ರಿಚಿ ಸ್ಟ್ರೀಟ್, ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್, ಬೆಂಗಳೂರಿನ ಎಸ್.ಪಿ. ರಸ್ತೆ. ಕಂಪ್ಯೂಟರ್ ಬಿಡಿಭಾಗ ಮಾರುವ ಈ ಪೈಕಿ ಯಾವ ಮಾರುಕಟ್ಟೆಗೆ ಹೋಗಿ 'ಆರ್‌ಟಿಎಕ್ಸ್ 5060 ಟಿಐ ಕೊಡಿ' ಎಂದು ಕೇಳಿದರೂ ಆ ಪ್ರಶ್ನೆ ಅರ್ಧ ಮಾತ್ರ. ಏಕೆಂದರೆ ಆ ಹೆಸರಿನಲ್ಲಿ ಮಾರಾಟವಾಗುವ ಗ್ರಾಫಿಕ್ಸ್ ಕಾರ್ಡ್ ಒಂದಲ್ಲ, ಎರಡು. ಒಂದರಲ್ಲಿ 8 ಜಿಬಿ ಮೆಮೊರಿ, ಇನ್ನೊಂದರಲ್ಲಿ 16 ಜಿಬಿ. ಉಳಿದೆಲ್ಲವೂ ಕಾಗದದ ಮೇಲೆ ಒಂದೇ.

ಅಮೆರಿಕದ ಎನ್ವಿಡಿಯಾ ಕಂಪನಿ ಈ ಎರಡೂ ಕಾರ್ಡ್‌ಗಳನ್ನು 2025ರ ಏಪ್ರಿಲ್ 16ರಂದು ಮಾರುಕಟ್ಟೆಗೆ ಬಿಟ್ಟಿತು. 8 ಜಿಬಿ ಕಾರ್ಡ್‌ಗೆ 379 ಡಾಲರ್, 16 ಜಿಬಿ ಕಾರ್ಡ್‌ಗೆ 429 ಡಾಲರ್ ಎಂದು ಬೆಲೆ ಸೂಚಿಸಿತು. ಅಂದರೆ ವ್ಯತ್ಯಾಸ 50 ಡಾಲರ್. ಆಗಿನ ವಿನಿಮಯ ದರದಲ್ಲಿ ಇದು ಸುಮಾರು 4,300 ರೂಪಾಯಿ, ನಮ್ಮಲ್ಲಿ ಶೇ. 18ರ ಜಿಎಸ್‌ಟಿ ಸೇರಿಸಿದರೆ 5,000 ರೂಪಾಯಿಯ ಆಸುಪಾಸು. ಮಗನ ಅಥವಾ ಮಗಳ ಓದಿಗೆ, ಆಟಕ್ಕೆ, ವಿಡಿಯೋ ಎಡಿಟಿಂಗ್‌ಗೆಂದು ಕಂಪ್ಯೂಟರ್ ಜೋಡಿಸಿಕೊಡುವ ಮನೆಯವರಿಗೆ ಈ ಐದು ಸಾವಿರ ಸಣ್ಣ ಮೊತ್ತವೇನಲ್ಲ. 'ಹೆಸರು ಒಂದೇ, ಚಿಪ್ಪೂ ಒಂದೇ, ಕಡಿಮೆ ಬೆಲೆಯದ್ದೇ ಇರಲಿ' ಎಂಬ ತೀರ್ಮಾನ ಸಹಜ. ಆದರೆ ಆ ಉಳಿತಾಯಕ್ಕೆ ಪ್ರತಿಯಾಗಿ ಬಿಟ್ಟುಕೊಡುವುದು ಏನು ಎಂಬುದು ಅಂಗಡಿಯ ಬೆಲೆಪಟ್ಟಿಯಲ್ಲಿ ಕಾಣುವುದಿಲ್ಲ.

ಕಾಗದದ ಮೇಲೆ ಅವಳಿಗಳು

ಎರಡೂ ಕಾರ್ಡ್‌ಗಳ ಮುಖ್ಯ ವಿವರಗಳನ್ನು ಒಮ್ಮೆ ಅಕ್ಕಪಕ್ಕ ಇಟ್ಟು ನೋಡಬೇಕು.

- ಚಿಪ್: ಎರಡರಲ್ಲೂ ಜಿಬಿ206, ಬ್ಲ್ಯಾಕ್‌ವೆಲ್ ಪೀಳಿಗೆಯದ್ದು
- ಕ್ಯೂಡಾ ಕೋರ್: ಎರಡರಲ್ಲೂ 4,608
- ಬೂಸ್ಟ್ ವೇಗ: ಎರಡರಲ್ಲೂ 2.57 ಗಿಗಾಹರ್ಟ್ಸ್
- ಮೆಮೊರಿ ಬಗೆ: ಎರಡರಲ್ಲೂ ಜಿಡಿಡಿಆರ್7, 128 ಬಿಟ್ ಬಸ್
- ಮೆಮೊರಿ ಬ್ಯಾಂಡ್‌ವಿಡ್ತ್: ಎರಡರಲ್ಲೂ ಸೆಕೆಂಡಿಗೆ 448 ಜಿಬಿ
- ವಿದ್ಯುತ್ ಬಳಕೆ: ಎರಡಕ್ಕೂ 180 ವ್ಯಾಟ್
- ಮದರ್‌ಬೋರ್ಡ್ ಸಂಪರ್ಕ: ಎರಡಕ್ಕೂ ಪಿಸಿಐಇ 5.0, 8 ಲೇನ್
- ಮೆಮೊರಿ ಗಾತ್ರ: ಒಂದರಲ್ಲಿ 8 ಜಿಬಿ, ಇನ್ನೊಂದರಲ್ಲಿ 16 ಜಿಬಿ

ಕೊನೆಯ ಸಾಲೊಂದನ್ನು ಬಿಟ್ಟರೆ ಎರಡಕ್ಕೂ ಭೇದವೇ ಇಲ್ಲ. ಲೆಕ್ಕ ಮಾಡುವ ಶಕ್ತಿ, ಮೆಮೊರಿಯಿಂದ ಮಾಹಿತಿ ಎಳೆದುಕೊಳ್ಳುವ ವೇಗ ಎರಡೂ ಸರಿಸಮ. ಹಾಗಾಗಿ ಮೆಮೊರಿ ಸಾಕಾಗುವಷ್ಟು ಹೊತ್ತು ಎರಡೂ ಕಾರ್ಡ್ ಒಂದೇ ವೇಗದಲ್ಲಿ ಓಡುತ್ತವೆ. 1080ಪಿ ಪರದೆಯಲ್ಲಿ, ಮಧ್ಯಮ ಸೆಟ್ಟಿಂಗ್‌ನಲ್ಲಿ, ವ್ಯಾಲೊರಂಟ್ ಅಥವಾ ಕೌಂಟರ್ ಸ್ಟ್ರೈಕ್ 2ರಂಥ ಆಟ ಆಡುವವರಿಗೆ ಯಾವ ಕಾರ್ಡ್ ಒಳಗಿದೆ ಎಂದು ಗೊತ್ತೂ ಆಗುವುದಿಲ್ಲ.

ಇಲ್ಲೇ ಗೊಂದಲ ಹುಟ್ಟುವುದು. ಹೆಚ್ಚು ಜಿಬಿ ಇದ್ದರೆ ಹೆಚ್ಚು ವೇಗ ಎಂದು ಕೆಲವರು ತಿಳಿದಿರುತ್ತಾರೆ. ಪರೀಕ್ಷೆಯಲ್ಲಿ ಹಾಗೆ ಕಾಣದಿದ್ದಾಗ, ಹೆಚ್ಚುವರಿ ಮೆಮೊರಿ ಬರೀ ತೋರಿಕೆ ಎಂದು ಇನ್ನು ಕೆಲವರು ಹೇಳುತ್ತಾರೆ. ಎರಡೂ ತಪ್ಪು. ಮೆಮೊರಿ ವೇಗವನ್ನು ಹೆಚ್ಚಿಸುವುದಿಲ್ಲ. ಅದು ಜಾಗ ಕೊಡುತ್ತದೆ. ಜಾಗ ಸಾಲುವ ತನಕ ಅದರ ನೆನಪೇ ಬರುವುದಿಲ್ಲ. ಸಾಲದ ಕ್ಷಣದಲ್ಲಿ ಉಳಿದ ಯಾವ ಶಕ್ತಿಯೂ ಉಪಯೋಗಕ್ಕೆ ಬರುವುದಿಲ್ಲ.

ಜಾಗ ಮುಗಿದಾಗ ಏನಾಗುತ್ತದೆ?

ಆಟವೊಂದರ ದೃಶ್ಯ ಪರದೆಯ ಮೇಲೆ ಮೂಡಬೇಕಾದರೆ ಗೋಡೆ, ನೆಲ, ಮುಖ, ಬಟ್ಟೆ ಎಲ್ಲದರ ಚಿತ್ರಗಳು, ಅಂದರೆ ಟೆಕ್ಸ್ಚರ್‌ಗಳು, ಗ್ರಾಫಿಕ್ಸ್ ಕಾರ್ಡಿನ ಮೆಮೊರಿಯಲ್ಲಿ ಸಿದ್ಧವಾಗಿರಬೇಕು. ಜೊತೆಗೆ ಆಕಾರಗಳ ವಿವರ, ಬೆಳಕಿನ ಲೆಕ್ಕಕ್ಕೆ ಬೇಕಾದ ರಚನೆಗಳು, ಆ ಕ್ಷಣ ತಯಾರಾಗುತ್ತಿರುವ ಫ್ರೇಮ್‌ಗಳು ಎಲ್ಲಕ್ಕೂ ಅಲ್ಲೇ ಜಾಗ ಬೇಕು. ವಿಂಡೋಸ್, ಬ್ರೌಸರ್ ಮತ್ತಿತರ ಪ್ರೋಗ್ರಾಂಗಳೂ ಅದರಲ್ಲಿ ಒಂದಿಷ್ಟು ಪಾಲು ತೆಗೆದುಕೊಂಡಿರುತ್ತವೆ. 8 ಜಿಬಿ ಎಂದರೆ ಆಟಕ್ಕೆ ಪೂರ್ತಿ 8 ಜಿಬಿ ಸಿಗುವುದಿಲ್ಲ.

ಅದು ತುಂಬಿದಾಗ ಹೆಚ್ಚಾದ ಮಾಹಿತಿ ಕಂಪ್ಯೂಟರಿನ ಸಾಮಾನ್ಯ ರ‍್ಯಾಮ್‌ಗೆ ಹೋಗುತ್ತದೆ. ಬೇಕಾದಾಗ ಅಲ್ಲಿಂದ ಪಿಸಿಐಇ ಎಂಬ ದಾರಿಯ ಮೂಲಕ ಮರಳಿ ತರಬೇಕು. ಅಡುಗೆ ಮಾಡುವವರಿಗೆ ಈ ಕಷ್ಟ ಗೊತ್ತಿರುವುದೇ. ಬೇಕಾದ ಡಬ್ಬಿಗಳೆಲ್ಲ ಕಟ್ಟೆಯ ಮೇಲಿದ್ದರೆ ಕೈ ಓಡುತ್ತದೆ. ಒಗ್ಗರಣೆ ಸಿಡಿಯುತ್ತಿರುವಾಗ ಕರಿಬೇವಿಗಾಗಿ ಹಿತ್ತಿಲಿಗೆ ಹೋಗಬೇಕಾದರೆ ಅಡುಗೆಯವರು ಎಷ್ಟೇ ಚುರುಕಾಗಿದ್ದರೂ ಒಗ್ಗರಣೆ ಸೀಯುತ್ತದೆ.

ಈ ದಾರಿಯ ಅಂಕಿಗಳನ್ನು ನೋಡಿದರೆ ಸಮಸ್ಯೆಯ ಗಾತ್ರ ತಿಳಿಯುತ್ತದೆ. ಕಾರ್ಡಿನ ಸ್ವಂತ ಮೆಮೊರಿಯಿಂದ ಸೆಕೆಂಡಿಗೆ 448 ಜಿಬಿ ಮಾಹಿತಿ ಬರುತ್ತದೆ. ಪಿಸಿಐಇ 5.0ರ 8 ಲೇನ್ ಮೂಲಕ ಬರುವುದು ಸುಮಾರು 32 ಜಿಬಿ, ಅಂದರೆ 14ನೇ ಒಂದು ಪಾಲು. ಮದರ್‌ಬೋರ್ಡ್ ಪಿಸಿಐಇ 4.0 ಆಗಿದ್ದರೆ ಅದು ಸುಮಾರು 16 ಜಿಬಿಗೆ, ಪಿಸಿಐಇ 3.0 ಆಗಿದ್ದರೆ ಸುಮಾರು 8 ಜಿಬಿಗೆ ಇಳಿಯುತ್ತದೆ. ಕೊನೆಯದು ಕಾರ್ಡಿನ ಸ್ವಂತ ಮೆಮೊರಿಗಿಂತ 56 ಪಟ್ಟು ನಿಧಾನ.

ಸೆಕೆಂಡಿಗೆ 60 ಫ್ರೇಮ್ ಬೇಕೆಂದರೆ ಒಂದು ಫ್ರೇಮ್‌ಗೆ ಸಿಗುವ ಸಮಯ 16.7 ಮಿಲಿಸೆಕೆಂಡ್. ಅಷ್ಟರಲ್ಲಿ ಪಿಸಿಐಇ 3.0 ದಾರಿಯಲ್ಲಿ ತರಬಹುದಾದದ್ದು ಸುಮಾರು 130 ಎಂಬಿ ಮಾತ್ರ. ಅದಕ್ಕಿಂತ ಹೆಚ್ಚಿನ ಮಾಹಿತಿ ಹೊರಗಿನಿಂದ ಬರಬೇಕಾದರೆ ಚಿಪ್ ಕೈಕಟ್ಟಿ ಕಾಯಬೇಕು. ಆಡುವವರಿಗೆ ಅದು ತಡೆತಡೆದು ಓಡುವ ಚಿತ್ರವಾಗಿ ಕಾಣುತ್ತದೆ. ಸರಾಸರಿ ಫ್ರೇಮ್ ಸಂಖ್ಯೆ ಚೆನ್ನಾಗಿಯೇ ಇದ್ದು, ತಿರುವಿನಲ್ಲಿ, ಹೊಸ ಕೋಣೆಗೆ ಕಾಲಿಟ್ಟಾಗ, ಗುಂಡಿನ ಚಕಮಕಿಯ ನಡುವೆ ಪರದೆ ಗಕ್ಕನೆ ನಿಲ್ಲುತ್ತದೆ.

ಹಳೆಯ ಕಂಪ್ಯೂಟರಿಗೇ ಹೆಚ್ಚು ಪೆಟ್ಟು

ಕಡಿಮೆ ಬೆಲೆಯ ಕಾರ್ಡ್ ಕೊಳ್ಳುವವರು ಯಾರು? ಅವರಲ್ಲಿ ಅನೇಕರು ಇರುವ ಹಳೆಯ ಕಂಪ್ಯೂಟರಿಗೇ ಹೊಸ ಕಾರ್ಡ್ ಹಾಕಿಸಿ ಇನ್ನೆರಡು ಮೂರು ವರ್ಷ ತಳ್ಳೋಣ ಎನ್ನುವವರು. ಇಂಟೆಲ್‌ನ 10ನೇ ಪೀಳಿಗೆ ಮತ್ತು ಅದಕ್ಕೂ ಹಿಂದಿನ ಪ್ರೊಸೆಸರ್‌ಗಳು, ಎಎಂಡಿಯ ಬಿ450 ಮದರ್‌ಬೋರ್ಡ್‌ಗಳು ಪಿಸಿಐಇ 3.0ಗೆ ಸೀಮಿತ. ಭಾರತದ ಮಿತ ಬಜೆಟ್‌ನ ಕಂಪ್ಯೂಟರ್‌ಗಳಲ್ಲಿ ಚಿರಪರಿಚಿತವಾದ ರೈಜೆನ್ 5 5600ಜಿ ಪ್ರೊಸೆಸರ್ ಕೂಡ ಹಾಗೆಯೇ. ಅದನ್ನು ಬಿ550ರಂಥ ಹೊಸ ಬೋರ್ಡಿನಲ್ಲಿ ಕೂರಿಸಿದರೂ ಗ್ರಾಫಿಕ್ಸ್ ಕಾರ್ಡಿಗೆ ಸಿಗುವುದು ಪಿಸಿಐಇ 3.0 ವೇಗವೇ.

ಹೊಸ, ದುಬಾರಿ ಬೋರ್ಡ್ ಇರುವವರ ಬಳಿ 8 ಜಿಬಿ ಕಾರ್ಡ್ ಒದ್ದಾಡಿಕೊಂಡಾದರೂ ಓಡುತ್ತದೆ. ಹಳೆಯ ಬೋರ್ಡ್ ಇರುವವರ ಬಳಿ ಅದೇ ಕಾರ್ಡ್ ಇನ್ನಷ್ಟು ಬಳಲುತ್ತದೆ. 16 ಜಿಬಿ ಕಾರ್ಡ್ ಹೊರಗಿನ ರ‍್ಯಾಮ್‌ಗೆ ಹೋಗಬೇಕಾದ ಸಂದರ್ಭವೇ ಅಪರೂಪವಾದ್ದರಿಂದ ಹಳೆಯ ಬೋರ್ಡಿನಲ್ಲೂ ಅದರ ನಷ್ಟ ಅಷ್ಟಿಲ್ಲ. ಹೀಗಾಗಿ ಐದು ಸಾವಿರ ಉಳಿಸಬೇಕಾದ ಅಗತ್ಯ ಯಾರಿಗೆ ಹೆಚ್ಚೋ ಆ ಉಳಿತಾಯದ ನಷ್ಟ ತಟ್ಟುವುದೂ ಅವರಿಗೇ ಹೆಚ್ಚು.

ಆಟಗಳು ಏಕೆ ಇಷ್ಟು ಮೆಮೊರಿ ಕೇಳುತ್ತಿವೆ?

ಇದಕ್ಕೆ ಕಾರಣ ಬಹುಮಟ್ಟಿಗೆ ಟಿವಿಗೆ ಜೋಡಿಸಿ ಆಡುವ ಕನ್ಸೋಲ್‌ಗಳು. 2020ರ ನವೆಂಬರ್‌ನಲ್ಲಿ ಬಂದ ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್ ಸಿರೀಸ್ ಎಕ್ಸ್ ಎರಡರಲ್ಲೂ ಒಟ್ಟು 16 ಜಿಬಿ ಮೆಮೊರಿ ಇದೆ. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಎರಡೂ ಅದನ್ನೇ ಹಂಚಿಕೊಳ್ಳುತ್ತವೆ. ಆಟ ತಯಾರಿಸುವವರು ಮೊದಲ ಎರಡು ಮೂರು ವರ್ಷ ಹಿಂದಿನ ಪೀಳಿಗೆಯ ಕನ್ಸೋಲ್‌ಗಳಿಗೂ ಹೊಂದುವಂತೆ ಆಟ ರೂಪಿಸುತ್ತಿದ್ದರು. ಆ ಹೊರೆ ಕಳೆದ ಮೇಲೆ 8 ಜಿಬಿ ಕಾರ್ಡ್‌ಗಳ ಕಷ್ಟ ಎದ್ದು ಕಾಣತೊಡಗಿತು.

2024ರ ಡಿಸೆಂಬರ್‌ನಲ್ಲಿ ಬಂದ 'ಇಂಡಿಯಾನಾ ಜೋನ್ಸ್ ಆ್ಯಂಡ್ ದ ಗ್ರೇಟ್ ಸರ್ಕಲ್' ಆಟಕ್ಕೆ ಕನಿಷ್ಠ ಅಗತ್ಯವೇ 8 ಜಿಬಿ ಕಾರ್ಡ್. ಅದರಲ್ಲಿ ಪೂರ್ಣ ರೇ ಟ್ರೇಸಿಂಗ್ ಬೇಕೆಂದರೆ ಕನಿಷ್ಠ 12 ಜಿಬಿಯ ಕಾರ್ಡ್ ಬೇಕೆಂದು ಸೂಚಿಸಲಾಗಿದೆ. 2025ರ ಮೇ ತಿಂಗಳಲ್ಲಿ ಬಂದ 'ಡೂಮ್: ದ ಡಾರ್ಕ್ ಏಜಸ್' ಕನಿಷ್ಠ 8 ಜಿಬಿ ಕೇಳಿದರೆ, ಶಿಫಾರಸು ಮಾಡಿದ್ದು 10 ಜಿಬಿ ಅಥವಾ ಹೆಚ್ಚು. ಅಂದರೆ 2025ರಲ್ಲಿ ಹೊಸದಾಗಿ ಕೊಂಡ 8 ಜಿಬಿ ಕಾರ್ಡ್, ಮನೆಗೆ ಬಂದ ದಿನವೇ ಇಂಥ ಆಟಗಳ ಕನಿಷ್ಠ ಗೆರೆಯ ಮೇಲೆ ನಿಂತಿರುತ್ತದೆ.

ಇನ್ನೊಂದು ಸಂಗತಿಯೂ ಇದೆ. ಈ ಪೀಳಿಗೆಯ ಕಾರ್ಡ್‌ಗಳನ್ನು ಎನ್ವಿಡಿಯಾ ಮಾರುತ್ತಿರುವುದೇ ಡಿಎಲ್‌ಎಸ್‌ಎಸ್ 4 ಎಂಬ ತಂತ್ರದ ಹೆಸರಿನಲ್ಲಿ. ಚಿಪ್ ಒಂದು ಫ್ರೇಮ್ ಚಿತ್ರಿಸಿದರೆ ಕೃತಕ ಬುದ್ಧಿಮತ್ತೆಯ ನೆರವಿನಿಂದ ಮೂರು ಫ್ರೇಮ್‌ವರೆಗೆ ಹೆಚ್ಚುವರಿಯಾಗಿ ಸೃಷ್ಟಿಸುವ ವ್ಯವಸ್ಥೆ ಅದು. ಜಾಹೀರಾತಿನ ದೊಡ್ಡ ದೊಡ್ಡ ಫ್ರೇಮ್ ಸಂಖ್ಯೆಗಳು ಬರುವುದು ಅಲ್ಲಿಂದ. ಆದರೆ ಆ ತಂತ್ರಕ್ಕೂ, ರೇ ಟ್ರೇಸಿಂಗ್‌ಗೂ ಮೆಮೊರಿ ಬೇಕು. ಯಾವ ಸೌಲಭ್ಯ ತೋರಿಸಿ ಕಾರ್ಡ್ ಮಾರಲಾಗುತ್ತದೋ ಅದನ್ನು ಚಾಲೂ ಮಾಡಿದಾಗಲೇ 8 ಜಿಬಿ ಮೊದಲು ತುಂಬುತ್ತದೆ.

ಪರೀಕ್ಷೆಯ ಪಟ್ಟಿ ಹೇಳದ ಮಾತು

ಕಾರ್ಡ್ ಬಿಡುಗಡೆಯಾದ ದಿನ ಪ್ರಕಟವಾದ ವಿಮರ್ಶೆಗಳಲ್ಲಿ ಬಹುಪಾಲು 16 ಜಿಬಿ ಕಾರ್ಡಿನವು. 8 ಜಿಬಿ ಕಾರ್ಡನ್ನು ಹಲವು ವಿಮರ್ಶಕರು ನಂತರ ಅಂಗಡಿಯಿಂದ ತಾವೇ ಕೊಂಡು ಪರೀಕ್ಷಿಸಬೇಕಾಯಿತು. ಹಾಗಾಗಿ '5060 ಟಿಐ ಚೆನ್ನಾಗಿದೆ' ಎಂದು ಓದಿ ಅಂಗಡಿಗೆ ಹೋದವರು ಓದಿದ್ದು ಒಂದು ಕಾರ್ಡಿನ ವಿಮರ್ಶೆ, ತಂದದ್ದು ಇನ್ನೊಂದು ಕಾರ್ಡ್ ಆಗುವ ಸಾಧ್ಯತೆ ಇತ್ತು.

ನಂತರದ ಪರೀಕ್ಷೆಗಳಲ್ಲಿ ಕಂಡದ್ದು ಒಂದೇ ಬಗೆಯ ಚಿತ್ರ. 1080ಪಿ ಸಾಧಾರಣ ಸೆಟ್ಟಿಂಗ್‌ನಲ್ಲಿ ಎರಡೂ ಸಮ. 1440ಪಿ ಪರದೆ, ಉನ್ನತ ದರ್ಜೆಯ ಟೆಕ್ಸ್ಚರ್, ರೇ ಟ್ರೇಸಿಂಗ್ ಸೇರುತ್ತ ಹೋದಂತೆ ಅಂತರ ಹಿಗ್ಗುತ್ತದೆ. ಕೆಲವು ಆಟಗಳಲ್ಲಿ 8 ಜಿಬಿ ಕಾರ್ಡ್ 16 ಜಿಬಿಯ ಅರ್ಧ ವೇಗಕ್ಕಿಂತಲೂ ಕೆಳಗೆ ಕುಸಿಯುತ್ತದೆ. ಎರಡರಲ್ಲೂ ಇರುವುದು ಅದೇ ಚಿಪ್. ಅಂದರೆ ಆ ದೃಶ್ಯವನ್ನು ಚಿತ್ರಿಸುವ ಶಕ್ತಿ ಚಿಪ್‌ಗೆ ಇತ್ತು. ಅದಕ್ಕೆ ಜಾಗ ಕೊಡಲಿಲ್ಲ ಅಷ್ಟೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ಇಲ್ಲಿ ಕಾಲು ಉದ್ದವಿದ್ದರೂ ಹಾಸಿಗೆಯನ್ನೇ ಗಿಡ್ಡ ಮಾಡಿ ಮಾರಲಾಗಿದೆ.

ಇನ್ನು ಕೆಲವು ಆಟಗಳಲ್ಲಿ ಫ್ರೇಮ್ ಸಂಖ್ಯೆ ಬೀಳುವುದೇ ಇಲ್ಲ. ಮೆಮೊರಿ ಸಾಲದೆಂದು ಕಂಡರೆ ಆಟವೇ ಸದ್ದಿಲ್ಲದೆ ಟೆಕ್ಸ್ಚರ್‌ನ ಗುಣಮಟ್ಟ ಇಳಿಸಿಬಿಡುತ್ತದೆ. ಗೋಡೆ ಮಸುಕಾಗುತ್ತದೆ, ಮುಖದ ಮೇಲಿನ ವಿವರ ತಡವಾಗಿ ಮೂಡುತ್ತದೆ. ಪರೀಕ್ಷೆಯ ಪಟ್ಟಿಯಲ್ಲಿ ಎರಡೂ ಕಾರ್ಡ್‌ಗಳ ಪಟ್ಟೆ ಒಂದೇ ಉದ್ದವಾಗಿ ಕಾಣುತ್ತದೆ. ಪರದೆಯ ಮೇಲಿನ ಚಿತ್ರ ಮಾತ್ರ ಒಂದೇ ಅಲ್ಲ. ಬರೀ ಸರಾಸರಿ ಸಂಖ್ಯೆ ನೋಡಿ ಕಾರ್ಡ್ ಆರಿಸುವವರಿಗೆ ಈ ನಷ್ಟ ಗೊತ್ತಾಗುವ ದಾರಿಯೇ ಇಲ್ಲ.

12 ಜಿಬಿ ಯಾಕಿಲ್ಲ?

8 ಸಾಲದು, 16 ದುಬಾರಿ ಎಂದಾದರೆ ನಡುವೆ 12 ಜಿಬಿ ಕೊಡಬಹುದಿತ್ತಲ್ಲ ಎಂಬ ಪ್ರಶ್ನೆ ಏಳುತ್ತದೆ. ಇದಕ್ಕೆ ಉತ್ತರ ಚಿಪ್ಪಿನ ರಚನೆಯಲ್ಲಿದೆ. ಮೆಮೊರಿ ಬಸ್ 128 ಬಿಟ್. ಒಂದೊಂದು ಮೆಮೊರಿ ಚಿಪ್‌ಗೆ 32 ಬಿಟ್ ದಾರಿ ಬೇಕು. ಹಾಗಾಗಿ ನಾಲ್ಕು ಮೆಮೊರಿ ಚಿಪ್ ಕೂರಿಸಬಹುದು. ಬಳಸಿರುವುದು 2 ಜಿಬಿಯ ಚಿಪ್‌ಗಳು, ಒಟ್ಟು 8 ಜಿಬಿ. 16 ಜಿಬಿ ಕಾರ್ಡಿನಲ್ಲಿ ಒಂದೇ ದಾರಿಯನ್ನು ಎರಡು ಚಿಪ್‌ಗಳಿಗೆ ಹಂಚಿ ಒಟ್ಟು ಎಂಟು ಚಿಪ್ ಕೂರಿಸಲಾಗಿದೆ. ಅದಕ್ಕೇ ಗಾತ್ರ ದುಪ್ಪಟ್ಟಾದರೂ ಬ್ಯಾಂಡ್‌ವಿಡ್ತ್ ಬದಲಾಗಿಲ್ಲ.

12 ಜಿಬಿ ಆಗಬೇಕಾದರೆ 3 ಜಿಬಿಯ ನಾಲ್ಕು ಚಿಪ್ ಬೇಕು. ಜಿಡಿಡಿಆರ್7ನಲ್ಲಿ ಅಂಥ ಚಿಪ್‌ಗಳು ಇವೆ. ಎನ್ವಿಡಿಯಾ ಅವನ್ನು 24 ಜಿಬಿ ಮೆಮೊರಿಯ ಆರ್‌ಟಿಎಕ್ಸ್ 5090 ಲ್ಯಾಪ್‌ಟಾಪ್ ಚಿಪ್‌ಗೆ ಮತ್ತು 96 ಜಿಬಿಯ ಆರ್‌ಟಿಎಕ್ಸ್ ಪ್ರೊ 6000 ಕಾರ್ಡಿಗೆ ಬಳಸಿದೆ. ಲಾಭ ಹೆಚ್ಚಿರುವ ಕಡೆಗೆ ಅವು ಮೊದಲು ಹೋದವು. ಇನ್ನೊಂದು ದಾರಿ, ಬಸ್ಸನ್ನೇ 192 ಬಿಟ್‌ಗೆ ಅಗಲಿಸುವುದು. ಇಂಟೆಲ್ 2024ರ ಡಿಸೆಂಬರ್‌ನಲ್ಲಿ ತಂದ ಆರ್ಕ್ ಬಿ580 ಕಾರ್ಡಿನಲ್ಲಿ ಹಾಗೆಯೇ ಮಾಡಿ, 249 ಡಾಲರ್‌ಗೆ 12 ಜಿಬಿ ಕೊಟ್ಟಿತು. ಎನ್ವಿಡಿಯಾ ಕೂಡ 2021ರಲ್ಲಿ 329 ಡಾಲರ್‌ನ ಆರ್‌ಟಿಎಕ್ಸ್ 3060 ಕಾರ್ಡಿನಲ್ಲಿ 12 ಜಿಬಿ ಕೊಟ್ಟಿತ್ತು. ಆದ್ದರಿಂದ 8 ಜಿಬಿ ಎನ್ನುವುದು ತಂತ್ರಜ್ಞಾನದ ಮಿತಿಗಿಂತ ಹೆಚ್ಚಾಗಿ ಕಂಪನಿಯ ಆಯ್ಕೆ.

2016ರ ಜೂನ್‌ನಲ್ಲಿ ಎನ್ವಿಡಿಯಾ ಮಾರುಕಟ್ಟೆಗೆ ತಂದ ಜಿಟಿಎಕ್ಸ್ 1070 ಕಾರ್ಡಿನ ಆರಂಭಿಕ ಬೆಲೆ 379 ಡಾಲರ್, ಮೆಮೊರಿ 8 ಜಿಬಿ. ಸುಮಾರು ಒಂಬತ್ತು ವರ್ಷ ಕಳೆದು 2025ರಲ್ಲಿ ಬಂದ 5060 ಟಿಐಯ ಬೆಲೆಯೂ 379 ಡಾಲರ್, ಮೆಮೊರಿಯೂ 8 ಜಿಬಿ. ಚಿಪ್ಪಿನ ಶಕ್ತಿ ಈ ನಡುವೆ ಹಲವು ಪಟ್ಟು ಹೆಚ್ಚಿದೆ, ಮೆಮೊರಿಯ ವೇಗವೂ ಹೆಚ್ಚಿದೆ. ಜಾಗ ಮಾತ್ರ ಅಷ್ಟೇ ಇದೆ.

ಹೆಸರಿನ ಆಟ ಹೊಸದಲ್ಲ

ಒಂದೇ ಹೆಸರಿನಲ್ಲಿ ಎರಡು ಸರಕು ಮಾರುವ ಪದ್ಧತಿಗೆ ಇತಿಹಾಸವಿದೆ. 2016ರಲ್ಲಿ ಜಿಟಿಎಕ್ಸ್ 1060 ಕಾರ್ಡ್ 6 ಜಿಬಿ ಮತ್ತು 3 ಜಿಬಿ ಎಂದು ಎರಡು ರೂಪದಲ್ಲಿ ಬಂತು. ವ್ಯತ್ಯಾಸ ಮೆಮೊರಿಯಲ್ಲಿ ಮಾತ್ರ ಎಂದು ಹೆಸರು ಸೂಚಿಸುತ್ತಿತ್ತು. ಒಳಗೆ ಕೋರ್‌ಗಳ ಸಂಖ್ಯೆಯೂ ಬೇರೆಯಾಗಿತ್ತು: ಒಂದರಲ್ಲಿ 1,280, ಇನ್ನೊಂದರಲ್ಲಿ 1,152.

2022ರ ಸೆಪ್ಟೆಂಬರ್‌ನಲ್ಲಿ ಆರ್‌ಟಿಎಕ್ಸ್ 4080 ಹೆಸರಿನಲ್ಲಿ 16 ಜಿಬಿ ಮತ್ತು 12 ಜಿಬಿ ಕಾರ್ಡ್‌ಗಳನ್ನು ಘೋಷಿಸಲಾಯಿತು. ಮೊದಲನೆಯದರಲ್ಲಿ 9,728 ಕೋರ್, ಎರಡನೆಯದರಲ್ಲಿ 7,680. ಗ್ರಾಹಕರು ಮತ್ತು ವಿಮರ್ಶಕರು ಗಟ್ಟಿಯಾಗಿ ಆಕ್ಷೇಪಿಸಿದರು. ಅಕ್ಟೋಬರ್ 14ರಂದು ಎನ್ವಿಡಿಯಾ 12 ಜಿಬಿ ಕಾರ್ಡನ್ನು ವಾಪಸ್ ಪಡೆದು, ಆ ಹೆಸರು ಗೊಂದಲ ಉಂಟುಮಾಡುತ್ತದೆ ಎಂದು ತಾನೇ ಒಪ್ಪಿಕೊಂಡಿತು. ಅದೇ ಕಾರ್ಡ್ 2023ರ ಜನವರಿಯಲ್ಲಿ ಆರ್‌ಟಿಎಕ್ಸ್ 4070 ಟಿಐ ಎಂಬ ಬೇರೆ ಹೆಸರಿನಲ್ಲಿ ಬಂತು.

ಅದಕ್ಕೂ ಮೊದಲು, 2014ರ ಜಿಟಿಎಕ್ಸ್ 970 ಕಾರ್ಡಿನ 4 ಜಿಬಿ ಮೆಮೊರಿಯಲ್ಲಿ ಪೂರ್ಣ ವೇಗದಲ್ಲಿ ಸಿಗುವುದು 3.5 ಜಿಬಿ ಮಾತ್ರ, ಉಳಿದ ಅರ್ಧ ಜಿಬಿ ಬಹಳ ನಿಧಾನ ಎಂಬುದು 2015ರಲ್ಲಿ ಬಯಲಾಯಿತು. ಅಮೆರಿಕದಲ್ಲಿ ಗ್ರಾಹಕರು ಕೋರ್ಟಿಗೆ ಹೋದರು. 2016ರಲ್ಲಿ ಆದ ರಾಜಿಯಂತೆ ಅಲ್ಲಿನ ಖರೀದಿದಾರರಿಗೆ ಕಾರ್ಡೊಂದಕ್ಕೆ 30 ಡಾಲರ್ ಕೊಡಲು ಕಂಪನಿ ಒಪ್ಪಿತು.

ಈ ವಿಷಯದಲ್ಲಿ ಎನ್ವಿಡಿಯಾ ಒಂದನ್ನೇ ದೂರುವುದು ನ್ಯಾಯವಲ್ಲ. ಪ್ರತಿಸ್ಪರ್ಧಿ ಎಎಂಡಿ 2025ರ ಜೂನ್‌ನಲ್ಲಿ ತಂದ ಆರ್‌ಎಕ್ಸ್ 9060 ಎಕ್ಸ್‌ಟಿ ಕೂಡ ಒಂದೇ ಹೆಸರಿನ ಎರಡು ಕಾರ್ಡ್: 8 ಜಿಬಿಗೆ 299 ಡಾಲರ್, 16 ಜಿಬಿಗೆ 349 ಡಾಲರ್. ಅಲ್ಲೂ ಅದೇ 50 ಡಾಲರ್ ಅಂತರ.

ಕಂಪನಿಗಳ ವಾದದಲ್ಲಿ ಹುರುಳಿಲ್ಲವೇ?

ಇದೆ. ಹೆಚ್ಚಿನವರು ಇನ್ನೂ 1080ಪಿ ಪರದೆಯಲ್ಲೇ ಆಡುತ್ತಾರೆ, ಅವರಿಗೆ 8 ಜಿಬಿಗಿಂತ ಹೆಚ್ಚು ಬೇಕಿಲ್ಲ ಎಂಬುದು ಎಎಂಡಿಯ ಹಿರಿಯ ಅಧಿಕಾರಿಯೊಬ್ಬರು ಆಗ ಬಹಿರಂಗವಾಗಿಯೇ ಮಂಡಿಸಿದ ವಾದ. ಸ್ಟೀಮ್ ತಾಣ ಪ್ರಕಟಿಸುವ ಸಮೀಕ್ಷೆಯಲ್ಲೂ ಅತಿ ಹೆಚ್ಚು ಬಳಕೆಯಲ್ಲಿರುವ ಪರದೆ 1080ಪಿಯೇ. ಸ್ಪರ್ಧಾತ್ಮಕ ಆನ್‌ಲೈನ್ ಆಟಗಳನ್ನಷ್ಟೇ ಆಡುವವರು ಬಳಸದ ಮೆಮೊರಿಗೆ ದುಡ್ಡು ಕೊಡುವುದರಲ್ಲಿ ಅರ್ಥವಿಲ್ಲ. ಸೆಟ್ಟಿಂಗ್ ಒಂದು ಮೆಟ್ಟಿಲು ಇಳಿಸಿಕೊಳ್ಳಲು ಬೇಸರವಿಲ್ಲದವರಿಗೆ 8 ಜಿಬಿ ಕಾರ್ಡ್ ಇಂದಿಗೂ ಕೆಲಸ ಮಾಡುತ್ತದೆ.

ಆದರೆ ಆ ವಾದ 299 ಡಾಲರ್‌ನ ಸಾಧಾರಣ ಆರ್‌ಟಿಎಕ್ಸ್ 5060 ಕಾರ್ಡಿಗೆ ಒಪ್ಪುವಷ್ಟು 5060 ಟಿಐಗೆ ಒಪ್ಪುವುದಿಲ್ಲ. ಅದರ ಚಿಪ್ಪಿಗೆ 1440ಪಿ ಪರದೆಯ ಆಟ ನಿಭಾಯಿಸುವ ಶಕ್ತಿ ಇದೆ ಎಂಬುದನ್ನು 16 ಜಿಬಿ ಕಾರ್ಡೇ ತೋರಿಸಿಕೊಟ್ಟಿದೆ. ಆ ಶಕ್ತಿಗೆ 379 ಡಾಲರ್ ಕೊಟ್ಟು, ಅದನ್ನು ಬಳಸುವ ಜಾಗ ಇಲ್ಲದಿರುವುದು ಖರೀದಿದಾರರ ನಷ್ಟ. ಕಾರ್ಡ್ ಎಂದರೆ ಮೊಬೈಲಿನಂತೆ ಎರಡು ವರ್ಷಕ್ಕೆ ಬದಲಿಸುವ ವಸ್ತುವೂ ಅಲ್ಲ. ನಮ್ಮ ಮನೆಗಳಲ್ಲಿ ಅದು ನಾಲ್ಕೈದು ವರ್ಷ ದುಡಿಯಬೇಕು. ಕಂಪ್ಯೂಟರಿನ ರ‍್ಯಾಮ್‌ನಂತೆ ಗ್ರಾಫಿಕ್ಸ್ ಮೆಮೊರಿಯನ್ನು ಆಮೇಲೆ ಸೇರಿಸಲೂ ಬರುವುದಿಲ್ಲ.

ಆಟ ಬಿಟ್ಟು ಬೇರೆ ಕೆಲಸಕ್ಕೆ

ಗ್ರಾಫಿಕ್ಸ್ ಕಾರ್ಡ್ ಈಗ ಆಟದ ಸಾಮಾನು ಮಾತ್ರವಾಗಿ ಉಳಿದಿಲ್ಲ. ಎಂಜಿನಿಯರಿಂಗ್ ಓದುವವರು, ಮನೆಯಲ್ಲೇ ಕುಳಿತು ವಿಡಿಯೋ ಎಡಿಟ್ ಮಾಡುವವರು, ಅನಿಮೇಷನ್ ಕಲಿಯುವವರು ಅದೇ ಕಾರ್ಡನ್ನು ನಂಬಿರುತ್ತಾರೆ. ಇಲ್ಲಿ ಮೆಮೊರಿಯ ಗೆರೆ ಇನ್ನಷ್ಟು ಕಠಿಣ.

ಉದಾಹರಣೆಗೆ ಸ್ವಂತ ಕಂಪ್ಯೂಟರಿನಲ್ಲಿ ಎಐ ಭಾಷಾ ಮಾದರಿ ಓಡಿಸುವುದು. 800 ಕೋಟಿ ಪ್ಯಾರಾಮೀಟರ್‌ಗಳ ಮಾದರಿಯೊಂದಕ್ಕೆ 16 ಬಿಟ್ ರೂಪದಲ್ಲಿ ಸುಮಾರು 16 ಜಿಬಿ ಜಾಗ ಬೇಕು. ಅದನ್ನು 4 ಬಿಟ್‌ಗೆ ಕುಗ್ಗಿಸಿದರೆ ನಾಲ್ಕರಿಂದ ಐದು ಜಿಬಿ ಸಾಕು, 8 ಜಿಬಿ ಕಾರ್ಡಿನಲ್ಲೂ ಓಡುತ್ತದೆ. ಆದರೆ 1,400 ಕೋಟಿ ಪ್ಯಾರಾಮೀಟರ್‌ಗಳ ಮಾದರಿಗೆ ಕುಗ್ಗಿಸಿದ ಮೇಲೂ ಎಂಟರಿಂದ ಒಂಬತ್ತು ಜಿಬಿ ಬೇಕು. 16 ಜಿಬಿ ಕಾರ್ಡಿನಲ್ಲಿ ಅದು ಆರಾಮಾಗಿ ಕೂರುತ್ತದೆ. 8 ಜಿಬಿಯಲ್ಲಿ ಅರ್ಧಂಬರ್ಧ ಹೊರಗೆ ಚೆಲ್ಲಿ ವೇಗ ಕುಸಿಯುತ್ತದೆ. ಬ್ಲೆಂಡರ್‌ನಲ್ಲಿ ದೊಡ್ಡ ದೃಶ್ಯ ರೆಂಡರ್ ಮಾಡುವಾಗ, 4ಕೆ ವಿಡಿಯೋಗೆ ಹಲವು ಎಫೆಕ್ಟ್ ಹಾಕುವಾಗ ಆಗುವುದೂ ಇದೇ. ಆಟದಲ್ಲಿ ಸೆಟ್ಟಿಂಗ್ ಇಳಿಸಿ ಸುಧಾರಿಸಿಕೊಳ್ಳಬಹುದು. ನಾಳೆ ಬೆಳಿಗ್ಗೆ ಗಿರಾಕಿಗೆ ಕೊಡಬೇಕಾದ ಕೆಲಸದಲ್ಲಿ ಆ ಅವಕಾಶ ಇರುವುದಿಲ್ಲ.

ಮೆಮೊರಿ ದುಬಾರಿಯಾದ ಕಾಲ

2025ರ ಕೊನೆಯ ತಿಂಗಳುಗಳಲ್ಲಿ ಈ ಲೆಕ್ಕಕ್ಕೆ ಹೊಸ ತಿರುವು ಸಿಕ್ಕಿತು. ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ ಮೆಮೊರಿ ಚಿಪ್‌ಗಳ ಬೆಲೆ ಜಗತ್ತಿನಾದ್ಯಂತ ಏರಿತು. ಮೆಮೊರಿ ತಯಾರಿಕೆ ಮುಖ್ಯವಾಗಿ ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂರು ಕಂಪನಿಗಳ ಕೈಯಲ್ಲಿದೆ. ಡೇಟಾ ಸೆಂಟರ್‌ಗೆ ಹೋಗುವ ಮೆಮೊರಿಯಲ್ಲಿ ಲಾಭ ಹೆಚ್ಚಾದ್ದರಿಂದ ಕಾರ್ಖಾನೆಗಳ ಸಾಮರ್ಥ್ಯ ಆ ಕಡೆ ಹರಿಯುತ್ತಿದೆ. ಡಿಸೆಂಬರ್‌ನಲ್ಲಿ ಮೈಕ್ರಾನ್, ಸಾಮಾನ್ಯ ಗ್ರಾಹಕರಿಗೆ ಮೆಮೊರಿ ಮಾರುವ ತನ್ನ 'ಕ್ರೂಷಿಯಲ್' ವ್ಯವಹಾರದಿಂದಲೇ ಹೊರಬರುವುದಾಗಿ ಘೋಷಿಸಿತು.

ಕಾರ್ಡಿನಲ್ಲಿ ನಾಲ್ಕು ಮೆಮೊರಿ ಚಿಪ್ ಇದ್ದರೆ ಈ ಏರಿಕೆ ನಾಲ್ಕರ ಮೇಲೆ, ಎಂಟಿದ್ದರೆ ಎಂಟರ ಮೇಲೆ ಬೀಳುತ್ತದೆ. ಆದ್ದರಿಂದ 8 ಮತ್ತು 16 ಜಿಬಿ ಕಾರ್ಡ್‌ಗಳ ನಡುವಿನ ಬೆಲೆ ಅಂತರ 50 ಡಾಲರ್‌ಗೇ ನಿಲ್ಲುವುದು ಕಷ್ಟ. ಅಂತರ ಹಿಗ್ಗಿದಷ್ಟೂ ಅಂಗಡಿಗಳಲ್ಲಿ 8 ಜಿಬಿ ಕಾರ್ಡ್ ಹೆಚ್ಚು ಆಕರ್ಷಕವಾಗಿ ಕಾಣುತ್ತದೆ. ಅದರ ಮಿತಿ ಮಾತ್ರ ಮೊದಲಿನಷ್ಟೇ ಇರುತ್ತದೆ. ಮೆಮೊರಿ ಅತಿ ಹೆಚ್ಚು ಬೇಕಾದ ಕಾಲದಲ್ಲೇ ಅದು ಸಾಮಾನ್ಯರ ಕೈಗೆ ಎಟುಕದಂತಾಗುತ್ತಿದೆ.

ಬಿಲ್ ಪಡೆಯುವ ಮುನ್ನ

ಕಾರ್ಡಿನ ಡಬ್ಬಿಯ ಮೇಲೆ ಮೆಮೊರಿಯ ಗಾತ್ರ ಮುದ್ರಿಸಿರುತ್ತದೆ. ಬಿಡಿ ಕಾರ್ಡ್ ಕೊಳ್ಳುವಾಗ ಕಣ್ಣಿಟ್ಟು ನೋಡಿದರೆ ಮೋಸ ಹೋಗುವ ಸಂಭವ ಕಡಿಮೆ. ಅಪಾಯ ಹೆಚ್ಚಿರುವುದು ಜೋಡಿಸಿ ಕೊಡುವ ಕಂಪ್ಯೂಟರ್‌ಗಳಲ್ಲಿ. ಅಲ್ಲಿ ಡಬ್ಬಿ ಕೈಗೆ ಬರದೇ ಇರಬಹುದು, ಕೊಟೇಶನ್‌ನಲ್ಲಿ ಬರೀ '5060 ಟಿಐ' ಎಂದಷ್ಟೇ ಇರಬಹುದು.

ಹಾಗಾಗಿ ಕೊಟೇಶನ್ ಮತ್ತು ಬಿಲ್ ಎರಡರಲ್ಲೂ ಕಾರ್ಡಿನ ಪೂರ್ತಿ ಹೆಸರು, ತಯಾರಕರ ಮಾಡೆಲ್ ಸಂಖ್ಯೆ ಮತ್ತು ಮೆಮೊರಿಯ ಗಾತ್ರ ಬರೆಸಿಕೊಳ್ಳುವುದು ಮೊದಲ ಕೆಲಸ. ಅಂಗಡಿಯಲ್ಲೇ ಕಂಪ್ಯೂಟರ್ ಚಾಲೂ ಮಾಡಿಸಿ, ವಿಂಡೋಸ್ ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ಜಿಪಿಯು ಆರಿಸಿದರೆ 'ಡೆಡಿಕೇಟೆಡ್ ಜಿಪಿಯು ಮೆಮೊರಿ' ಎಷ್ಟೆಂದು ಕಾಣುತ್ತದೆ. ಅದರ ಪಕ್ಕ ತೋರಿಸುವ 'ಶೇರ್ಡ್' ಮೆಮೊರಿ ಕಾರ್ಡಿನದ್ದಲ್ಲ, ಸಾಮಾನ್ಯ ರ‍್ಯಾಮ್‌ನದ್ದು. ಎರಡನ್ನೂ ಕೂಡಿಸಿ ದೊಡ್ಡ ಸಂಖ್ಯೆ ಹೇಳುವವರ ಮಾತು ನಂಬಬೇಕಿಲ್ಲ.

ಸರಕಿನ ಗುಣಮಟ್ಟ, ಪ್ರಮಾಣ, ಬೆಲೆ ತಿಳಿಯುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಕೊಟ್ಟಿರುವ ಹಕ್ಕು. 16 ಜಿಬಿ ಎಂದು ಹೇಳಿ 8 ಜಿಬಿ ಕೊಟ್ಟರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಬಿಲ್‌ನಲ್ಲಿ ಮೆಮೊರಿ ಬರೆದಿದ್ದರೆ ಆ ದೂರಿಗೆ ಬಲ ಬರುತ್ತದೆ.

ಕೊನೆಗೆ ಯಾವುದು?

1080ಪಿ ಪರದೆ, ಆನ್‌ಲೈನ್ ಸ್ಪರ್ಧಾ ಆಟಗಳು, ಬೇರೆ ಭಾರಿ ಕೆಲಸವಿಲ್ಲ ಎನ್ನುವವರಿಗೆ 5060 ಟಿಐಯ ಎರಡು ರೂಪಗಳಲ್ಲಿ ಯಾವುದೂ ಅನಿವಾರ್ಯವಲ್ಲ; ಇನ್ನೂ ಕಡಿಮೆ ಬೆಲೆಯ ಕಾರ್ಡ್ ಸಾಕು. 1440ಪಿ ಪರದೆ, ಹೊಸ ಕಥಾಪ್ರಧಾನ ಆಟಗಳು, ವಿಡಿಯೋ, ತ್ರೀಡಿ ಅಥವಾ ಎಐ ಕೆಲಸ ಇದ್ದವರಿಗೆ 16 ಜಿಬಿ ಕಾರ್ಡೇ ಸರಿ. ಹಳೆಯ ಪಿಸಿಐಇ 3.0 ಬೋರ್ಡ್ ಇರುವವರಿಗಂತೂ ಈ ಆಯ್ಕೆ ಇನ್ನೂ ಮುಖ್ಯ. ಹೆಚ್ಚುವರಿ ಮೊತ್ತ ಹೊಂದಿಸಲಾಗದಿದ್ದರೆ 8 ಜಿಬಿಯ 5060 ಟಿಐಗಿಂತ 12 ಜಿಬಿಯ ಬೇರೊಂದು ಕಾರ್ಡ್ ಅಥವಾ ಎಎಂಡಿಯ 16 ಜಿಬಿ ಕಾರ್ಡಿನ ಬೆಲೆ ವಿಚಾರಿಸುವುದು ಒಳ್ಳೆಯದು.

2022ರಲ್ಲಿ ಗ್ರಾಹಕರ ಆಕ್ಷೇಪಕ್ಕೆ ಮಣಿದು ಎನ್ವಿಡಿಯಾ ಒಂದು ಕಾರ್ಡಿನ ಹೆಸರನ್ನೇ ಬದಲಿಸಿತ್ತು. ಎರಡು ಬೇರೆ ಸಾಮರ್ಥ್ಯದ ಸರಕಿಗೆ ಎರಡು ಬೇರೆ ಹೆಸರು ಇಡುವುದು ಕಂಪನಿಗಳಿಗೆ ಅಸಾಧ್ಯವಲ್ಲ ಎಂಬುದಕ್ಕೆ ಅದೇ ಸಾಕ್ಷಿ. ಅಂಥ ಬದಲಾವಣೆ ಬರುವ ತನಕ ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ '5060 ಟಿಐ ಇದೆಯಾ?' ಎಂದಲ್ಲ, 'ಎಷ್ಟು ಜಿಬಿಯದ್ದು?' ಎಂದು.